ಊರಿನ ಚರಿತ್ರೆಗೆ ಊರಿನ ರಂಗ: ದಾವಣಗೆರೆ–ಹರಿಹರದ ನೆಲೆಯಲ್ಲಿ ಒಂದು ಚಿಂತನೆ

ದಾವಣಗೆರೆಗೂ ನಾಟಕಕ್ಕೂ ಇರುವ ನಂಟು ಕನ್ನಡ ರಂಗಭೂಮಿಯ ಅಭ್ಯಾಸಿಗಳಿಗೆ ಹೊಸದಲ್ಲ. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಅವರ ಮಗಳು ಚಿಂದೋಡಿ ಲೀಲಾ ಅವರು ಅದೇ ಕಂಪನಿಯ ರಂಗದಿಂದ ಬೆಳೆದು 1988ರಲ್ಲಿ ಪದ್ಮಶ್ರೀ ಪಡೆದರು. 2010ರ ಜನವರಿಯಲ್ಲಿ ತೀರಿಕೊಂಡರು. ‘ಪೊಲೀಸನ ಮಗಳು’ ನಾಟಕದ ಹೆಸರು ಕೇಳದ ಹಿರಿಯರು ಈ ಭಾಗದಲ್ಲಿ ಸಿಗುವುದು ಕಷ್ಟ. ವೃತ್ತಿ ರಂಗಭೂಮಿಗೆಂದೇ ಮೀಸಲಾದ ರಂಗಾಯಣವನ್ನು ಸರಕಾರ ದಾವಣಗೆರೆಯಲ್ಲಿ ನೆಲೆಗೊಳಿಸಿದ್ದು ಈ ಹಿನ್ನೆಲೆಯಿಂದಲೇ. ದುರ್ಗಾಂಬಿಕಾ ಜಾತ್ರೆ ಬಂತೆಂದರೆ ಕಂಪನಿಗಳ ತಗಡಿನ ಥಿಯೇಟರುಗಳು ಎದ್ದು ನಿಲ್ಲುವುದನ್ನು ನೋಡುತ್ತ ಬೆಳೆದ ಊರು ಇದು.

ಇಷ್ಟಾಗಿಯೂ ಒಂದು ವಿಚಿತ್ರವನ್ನು ಗಮನಿಸಬೇಕು. ಇಷ್ಟು ನಾಟಕ ನೋಡಿದ ಊರು ರಂಗದ ಮೇಲೆ ತನ್ನನ್ನು ತಾನು ನೋಡಿಕೊಂಡದ್ದು ತೀರ ಅಪರೂಪ. ಹತ್ತಿ ಗಿರಣಿಗಳ ಊರಾಗಿ, ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡು, ಆ ಗಿರಣಿಗಳನ್ನು ಒಂದೊಂದಾಗಿ ಕಳೆದುಕೊಂಡ ದಾವಣಗೆರೆ. ಹದಿನಾಲ್ಕು ಕಿಲೋಮೀಟರು ಆಚೆಗೆ ಲೇತ್ ಯಂತ್ರಗಳನ್ನು ಮಾಡುತ್ತ ನಿಂತಿದ್ದು ಅದೂ ಮುಚ್ಚಿದ ಮೇಲೆ ಮೌನವಾದ ಹರಿಹರ. ಈ ಎರಡು ಊರುಗಳ ಇಪ್ಪತ್ತನೆಯ ಶತಮಾನ ನಾಟಕವಾಗದೆ ಉಳಿಯಿತು. ನಾಟಕವಾಗಲಿಲ್ಲ ಎಂಬುದಕ್ಕಿಂತ ದೊಡ್ಡ ಕೊರತೆಯೆಂದರೆ, ಅದು ಚರಿತ್ರೆಯೂ ಆಗಲಿಲ್ಲ. ಈ ಎರಡು ಕೊರತೆಗಳು ಒಂದೇ ಬೇರಿನವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಆಶಯ.

ಕನ್ನಡ ವಿಭಾಗಗಳಲ್ಲಿ ‘ಸ್ಥಳೀಯ ಚರಿತ್ರೆ’ ಎಂಬ ಮಾತು ಕೇಳಿದೊಡನೆ ಸಂಶೋಧಕನ ಕಾಲು ಶಾಸನದ ಕಡೆಗೆ ನಡೆಯುತ್ತದೆ. ಹರಿಹರದಲ್ಲಿ ಅದು ಸಹಜವೂ ಹೌದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1223–24ರ ವೇಳೆಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಅಂಗಳದಲ್ಲಿ ನಿಂತ ಕಲ್ಲುಗಳಷ್ಟು ಸಮೃದ್ಧವಾದ ಶಾಸನ ಸಮುದಾಯ ಈ ಜಿಲ್ಲೆಯಲ್ಲಿ ಬೇರೆಲ್ಲೂ ಸಿಗುವುದು ಕಷ್ಟ. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ ಅವನ್ನು ದಾವಣಗೆರೆ ತಾಲ್ಲೂಕಿನ ಹೆಸರಿನಲ್ಲಿ ಸೇರಿಸಿದ್ದು, ಎರಡೂ ಊರುಗಳನ್ನು ಒಟ್ಟಿಗೆ ಓದಬೇಕಾದುದಕ್ಕೆ ಆಡಳಿತ ಒದಗಿಸಿದ ಒಂದು ನೆಪ. ಶಾಸನಗಳ ಬಳಿಕ ಚಿತ್ರದುರ್ಗದ ನಾಯಕರು, ಅವರ ಬಳಿಕ ದಾವಣಗೆರೆಯನ್ನು ಹೈದರಾಲಿಯಿಂದ ಜಹಗೀರಾಗಿ ಪಡೆದು ವರ್ತಕರನ್ನು ಕರೆತಂದು ನೆಲೆಗೊಳಿಸಿದ ಮರಾಠ ಸರದಾರ ಅಪ್ಪೋಜಿರಾಮ, ಆಮೇಲೆ ಗೆಜೆಟಿಯರು. ಗೆಜೆಟಿಯರು ಮುಗಿದಲ್ಲಿ ಚರಿತ್ರೆಯೂ ಮುಗಿಯಿತೆಂಬ ಭಾವನೆ. ಗಿರಣಿಯಲ್ಲಿ ನೂಲು ಹಿಡಿದವನ ಬದುಕು ಅರ್ಥಶಾಸ್ತ್ರಕ್ಕೆ, ಅವನ ಸಂಘ ರಾಜ್ಯಶಾಸ್ತ್ರಕ್ಕೆ, ಅವನ ಕೇರಿ ಸಮಾಜಶಾಸ್ತ್ರಕ್ಕೆ ಹಂಚಿಹೋಗಿ, ಅವನ ಮಾತು ಮಾತ್ರ ಯಾರಿಗೂ ಬೇಡವಾಗಿ ಉಳಿಯುತ್ತದೆ. ಮಾತು ಕನ್ನಡ ವಿಭಾಗದ ಪಾಲಿಗೆ ಬರಬೇಕಾಗಿತ್ತು.

ರಂಗದ ಕಡೆಯಿಂದ ನೋಡಿದರೂ ಸ್ಥಿತಿ ಬೇರೆಯಲ್ಲ. ಈ ಭಾಗದಲ್ಲಿ ಸಮುದಾಯ ರಂಗಭೂಮಿಯೆಂಬುದನ್ನು ಹೊಸದಾಗಿ ಹುಟ್ಟಿಸಬೇಕಾದ ಅಗತ್ಯವೇ ಇಲ್ಲ, ಅದು ಇದೆ. ದಾವಣಗೆರೆ, ಹರಿಹರ, ಜಗಳೂರು, ಹರಪನಹಳ್ಳಿಗಳ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ಊರ ಹುಡುಗರು ನಾಟಕ ಹಾಕುತ್ತಾರೆ. ಪೇಟಿ ಮಾಸ್ತರರನ್ನು ಗೊತ್ತು ಮಾಡಿ, ಗುಡಿಯ ಕಟ್ಟೆಯಲ್ಲೋ ಶಾಲೆಯ ಕೋಣೆಯಲ್ಲೋ ರಾತ್ರಿ ಹೊತ್ತು ತಾಲೀಮು ನಡೆಸಿ, ಕರಪತ್ರ ಅಚ್ಚು ಹಾಕಿಸಿ, ಸೀನರಿಯನ್ನು ಬಾಡಿಗೆಗೆ ತರಿಸಿ, ನಾಯಕಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಖರ್ಚು ಪಾತ್ರಧಾರಿಗಳದೇ. ನಾಟಕ ನಡುವೆ ನಿಂತು, ಬೀಗರು ಬಿಜ್ಜರು ಮೈಕಿನ ಮುಂದೆ ಬಂದು ಹಾರ ಹಾಕಿ, ಬಟ್ಟೆ ಕೊಟ್ಟು, ಹೆಸರು ಕೂಗಿಸಿಕೊಂಡು ಹೋದ ಮೇಲೆ ಖಳನಾಯಕ ಮತ್ತೆ ಗರ್ಜಿಸುತ್ತಾನೆ. ಆಧುನಿಕ ರಂಗಪ್ರಜ್ಞೆಗೆ ಇದೊಂದು ರಸಭಂಗ. ಆದರೆ ಊರಿಗೆ ಊರೇ ಸೇರಿ ತನ್ನ ದುಡ್ಡಿನಿಂದ, ತನ್ನ ಹುಡುಗರಿಂದ, ತನ್ನ ಬಯಲಿನಲ್ಲಿ ನಡೆಸುವ ಈ ಆಟಕ್ಕಿಂತ ಹೆಚ್ಚು ‘ಸಮುದಾಯ’ವಾದ ರಂಗಭೂಮಿ ಎಲ್ಲಿದೆ? ನಾಟಕ ಸಾಹಿತ್ಯ ಚರಿತ್ರೆಗಳು ಇದಕ್ಕೆ ಒಂದು ಪ್ಯಾರಾ ಕೊಟ್ಟರೆ ಹೆಚ್ಚು. ವೃತ್ತಿ ರಂಗಭೂಮಿಯ ಅಪಭ್ರಂಶವೆಂದೋ ಹವ್ಯಾಸಿ ರಂಗಭೂಮಿಯ ಅಪ್ರಬುದ್ಧ ರೂಪವೆಂದೋ ಅದನ್ನು ಬದಿಗಿಡುವ ರೂಢಿ ಬಂದುಬಿಟ್ಟಿದೆ.

ಆದರೆ ಈ ನಾಟಕಗಳು ನಡೆಯುವುದು ಎಲ್ಲಿ? ಕಥೆಯೊಳಗಿನ ಊರು ಯಾವುದು? ಅದಕ್ಕೆ ಹೆಸರೇ ಇರುವುದಿಲ್ಲ. ಇದ್ದರೆ ಯಾವ ನಕಾಶೆಯಲ್ಲಿಯೂ ಸಿಗದ ಒಂದು ರಾಮಪುರವೋ ಶಾಂತಿಪುರವೋ ಆಗಿರುತ್ತದೆ. ಕ್ರೂರಿಯಾದ ಗೌಡ, ದುರಾಸೆಯ ಸಾಹುಕಾರ, ಓದಿ ಬಂದ ಬಡವರ ಹುಡುಗ, ಮೋಸಹೋದ ತಂಗಿ ಎಲ್ಲರೂ ಎಲ್ಲ ಊರಿಗೂ ಸಲ್ಲುವ ಅಚ್ಚಿನವರು. ಮುದ್ರಿತ ನಾಟಕ ಪುಸ್ತಕ ಬಾಗಲಕೋಟೆಯ ಹಳ್ಳಿಗೂ ಹೊನ್ನಾಳಿಯ ಹಳ್ಳಿಗೂ ಒಂದೇ ಆಗಬೇಕಾದ್ದರಿಂದ ಹೀಗೆ ಎಂದು ಸುಲಭವಾಗಿ ಹೇಳಬಹುದು. ಅದು ಅರ್ಧ ಸತ್ಯ. ಇನ್ನರ್ಧವೆಂದರೆ, ಹೆಸರಿಲ್ಲದ ಊರು ಒಂದು ರಕ್ಷಣೆ. ನಾಟಕದ ಗೌಡನನ್ನು ಬೈಯುವ ಸಂಭಾಷಣೆಗೆ ಚಪ್ಪಾಳೆ ಹೊಡೆಯುವವರ ಸಾಲಿನಲ್ಲಿ ಊರ ಗೌಡರೂ ಕುಳಿತಿರುತ್ತಾರೆ. ಅವರೇ ದೀಪ ಬೆಳಗಿದವರೂ ಆಗಿರಬಹುದು. ಊರಿನ ಹೆಸರು ಹೇಳಿದ ಗಳಿಗೆಯಲ್ಲಿ ಈ ಒಪ್ಪಂದ ಮುರಿಯುತ್ತದೆ. ಹೆಸರಿನ ಭಯ ಇಲ್ಲಿ ರಂಗದ ನಿಯಮವೇ ಆಗಿದೆ.

ಈ ನಿಯಮವನ್ನು ಮೀರಿದ ಉದಾಹರಣೆ ಕನ್ನಡ ಜನಪದ ರಂಗದಲ್ಲಿಯೇ ಇದೆ ಎಂಬುದು ಮರೆಯಬಾರದ ಸಂಗತಿ. ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯ ನೆನಪಿನಿಂದ ಹುಟ್ಟಿದ್ದು. ಪುರಾಣದ ಹಂಗಿಲ್ಲದೆ, ರಾಜರ ಹಂಗಿಲ್ಲದೆ, ಒಂದು ಪೇಟೆಯ ವ್ಯಾಪಾರಸ್ಥ, ಅವನ ಗೆಳೆಯರು, ಅವನ ಹೆಂಡತಿ ಇವರ ನಡುವೆ ನಡೆದುದನ್ನು ಅದೇ ಸೀಮೆಯ ಜನ ಅದೇ ಸೀಮೆಯ ಮಾತಿನಲ್ಲಿ ಕಟ್ಟಿದರು. ಆ ಆಟ ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ಈರ್ಯಾನಿಗೂ ಮರುಕ, ಗಂಗಿಗೂ ಮರುಕ, ಕೊಲೆಯಾದ ಸಂಗ್ಯಾನಿಗೂ ಒಂದಿಷ್ಟು ಮರುಕ. ತಿಳಿದ ಜನರ ಕಥೆಯನ್ನು ತಿಳಿದ ಜನರ ಎದುರು ಆಡುವಾಗ ಬರುವ ನೈತಿಕ ಎಚ್ಚರ ಇದು. ಮುದ್ರಿತ ನಾಟಕದ ಖಳನಾಯಕನಿಗೆ ಇಂಥ ಮರುಕ ಎಂದೂ ಸಿಗುವುದಿಲ್ಲ, ಏಕೆಂದರೆ ಅವನು ಯಾರ ಅಣ್ಣನೂ ಅಲ್ಲ. ಫ್ಲೀಟ್ ಅವರು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದ ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿ ಬೇಡರ ಲಾವಣಿಗಳನ್ನೂ ಇದೇ ಸಾಲಿಗೆ ಸೇರಿಸಬಹುದು. ಘಟನೆ ನಡೆದ ಒಂದೆರಡು ತಲೆಮಾರಿನೊಳಗೆ ಅದನ್ನು ಹಾಡಾಗಿಸಿ ಕೂಡಿಟ್ಟ ಸಮಾಜ ಕನ್ನಡದ್ದು. ಮೌಖಿಕ ಇತಿಹಾಸವೆಂಬುದು ವಿಶ್ವವಿದ್ಯಾಲಯಗಳಲ್ಲಿ ಒಂದು ಶಿಸ್ತಾಗಿ ಬರುವುದಕ್ಕೆ ಬಹಳ ಮೊದಲೇ ಸಂಬಾಳದ ಜೊತೆಗೆ ಅದು ಬೀದಿಯಲ್ಲಿತ್ತು.

ಹಾಗಾದರೆ ಗಿರಣಿಯ ಕಾಲಕ್ಕೆ ಬರುವ ಹೊತ್ತಿಗೆ ಈ ಶಕ್ತಿ ಎಲ್ಲಿ ಹೋಯಿತು?

ಒಂದು ಉತ್ತರ ಕೋಟೆಯದು. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಭಾಗವಾಗಿತ್ತು. ಜಿಲ್ಲೆಯ ಚರಿತ್ರೆಯೆಂದರೆ ದುರ್ಗದ ಚರಿತ್ರೆ, ರಂಗದ ಮೇಲೆ ಚರಿತ್ರೆಯೆಂದರೆ ಓಬವ್ವ ಮತ್ತು ಮದಕರಿನಾಯಕ ಎಂಬ ಸಮೀಕರಣ ಗಟ್ಟಿಯಾಯಿತು. ತ.ರಾ.ಸು. ಅವರ ಕಾದಂಬರಿಗಳು, ಅವುಗಳಿಂದ ಬಂದ ಚಲನಚಿತ್ರ, ಶಾಲಾ ವಾರ್ಷಿಕೋತ್ಸವದ ಏಕಪಾತ್ರಾಭಿನಯ ಎಲ್ಲವೂ ಇದನ್ನು ಬೆಳೆಸಿದವು. ಇದು ತಪ್ಪೆಂದಲ್ಲ. ಆದರೆ ಒನಕೆ ಹಿಡಿದವಳು ಮಾತ್ರ ಚರಿತ್ರೆಗೆ ಸಲ್ಲುತ್ತಾಳೆ, ಹತ್ತಿ ಬಿಡಿಸಿದವಳು ಸಲ್ಲುವುದಿಲ್ಲ ಎಂಬ ತಿಳಿವಳಿಕೆ ಹೀಗೆಯೇ ಮಕ್ಕಳ ಮನಸ್ಸಿನಲ್ಲಿ ಕುಳಿತುಬಿಡುತ್ತದೆ. ಹೊಸ ಜಿಲ್ಲೆಯಾದ ಮೇಲೂ ಸಂತೇಬೆನ್ನೂರಿನ ಪುಷ್ಕರಣಿ, ಸೂಳೆಕೆರೆಯ ಶಾಂತವ್ವನ ಐತಿಹ್ಯ ಇವೇ ಉತ್ಸವದ ಸ್ತಬ್ಧಚಿತ್ರಗಳಾದವು. ಸ್ತಬ್ಧಚಿತ್ರ ಎಂಬ ಹೆಸರೇ ಎಲ್ಲವನ್ನೂ ಹೇಳುತ್ತದೆ: ಅಲ್ಲಿ ಯಾರೂ ಮಾತನಾಡುವುದಿಲ್ಲ.

ದಾವಣಗೆರೆಯ ಇಪ್ಪತ್ತನೆಯ ಶತಮಾನದಲ್ಲಿ ಮಾತಾಡುವವರಿಗೆ ಬರಗಾಲವಿಲ್ಲ. ದಾವಣಗೆರೆ ಕಾಟನ್ ಮಿಲ್ 1930ರ ದಶಕದ್ದು. 1942ರ ಚಳವಳಿಯಲ್ಲಿ ಇಲ್ಲಿ ಗೋಲಿಬಾರ್ ನಡೆದು ಜನ ಸತ್ತರು. ಹುತಾತ್ಮರ ಸ್ಮಾರಕ ಊರಿನ ನಡುವೆಯೇ ಇದೆ. 1970–80ರ ದಶಕಗಳಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ಊರು ವಿಧಾನಸಭೆಗೆ ಕಳಿಸುತ್ತಿತ್ತು. ಕರ್ನಾಟಕದ ಒಳನಾಡಿನ ಒಂದು ವ್ಯಾಪಾರದ ಪಟ್ಟಣದಲ್ಲಿ ಕೆಂಬಾವುಟ ಗೆದ್ದದ್ದು ಹೇಗೆ, ಆಮೇಲೆ ಸೋತದ್ದು ಹೇಗೆ ಎಂಬುದಕ್ಕಿಂತ ದೊಡ್ಡ ನಾಟಕ ವಸ್ತು ಬೇಕೆ? ಮಠ, ಮಂಡಿ, ಗಿರಣಿ, ಸಂಘ ಈ ನಾಲ್ಕೂ ಒಂದೇ ಮೈಲಿಯೊಳಗೆ ಇದ್ದ ಊರು. ಗಿರಣಿಯ ಕೂಗಿಗೆ ಮನೆಮನೆಯ ಒಲೆ ಹೊತ್ತುತ್ತಿದ್ದ ಕಾಲದ ದಿನಚರಿ, ಪಾಳಿಯ ಲೆಕ್ಕದಲ್ಲಿ ನಡೆದ ಮದುವೆ ಮಾತುಕತೆ, ಬಾಕಿ ಸಂಬಳಕ್ಕೆ ಕಾಯುತ್ತ ಮುಗಿದ ಆಯುಷ್ಯ ಇವು ಕಡತಗಳಲ್ಲಿ ಸಿಗುವುದಿಲ್ಲ. ಇವು ಇರುವುದು ಮಂಡಕ್ಕಿ ಭಟ್ಟಿಯ ಮುಂದೆ, ಹಳೆಯ ಪೇಟೆಯ ಚಹದಂಗಡಿಯಲ್ಲಿ, ಮತ್ತು ಬಹಳಷ್ಟು ಉರ್ದು, ತೆಲುಗು, ಮರಾಠಿ, ಲಂಬಾಣಿ ಬೆರೆತ ಕನ್ನಡದಲ್ಲಿ.

ಹರಿಹರದ ಮಾತು ಇನ್ನೂ ಕ್ಲಿಷ್ಟ. ತುಂಗಭದ್ರೆ ಇಲ್ಲಿ ಬಹುಕಾಲ ಗಡಿಯಾಗಿ ಹರಿದಳು. ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. 1868ರಲ್ಲಿ ಮುಗಿದ ಹದಿನಾಲ್ಕು ಕಮಾನುಗಳ ಕಲ್ಲು–ಇಟ್ಟಿಗೆಯ ಸೇತುವೆ ಎರಡು ಸರಕಾರಗಳ ಎರಡು ಬಗೆಯ ಕನ್ನಡವನ್ನು ಬೆಸೆದಿತ್ತು. 1956ರ ಏಕೀಕರಣವನ್ನು ಬೆಂಗಳೂರಿನಲ್ಲಿ ನಿಂತು ನೋಡುವುದು ಬೇರೆ, ಈ ಸೇತುವೆಯ ಮೇಲೆ ನಿಂತು ನೋಡುವುದು ಬೇರೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. (ಕಿರ್ಲೋಸ್ಕರ್ ಎಂಬ ಹೆಸರು ರಂಗಭೂಮಿಯ ವಿದ್ಯಾರ್ಥಿಗೆ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬರನ್ನೂ 1880ರ ‘ಸಂಗೀತ ಶಾಕುಂತಲ’ವನ್ನೂ ನೆನಪಿಸುತ್ತದೆ, ಹರಿಹರದವನಿಗೆ ಅದೇ ಹೆಸರು ಲೇತ್ ಯಂತ್ರದ ಮೇಲೆ ಎರಕ ಹೊಯ್ದ ಅಕ್ಷರ. ಒಂದೇ ಹೆಸರು ಎರಡು ನೆನಪುಗಳಾಗಿ ಒಂದನ್ನೊಂದು ಮುಟ್ಟದೆ ಉಳಿದದ್ದು ಜ್ಞಾನಶಾಖೆಗಳ ನಡುವಿನ ಗೋಡೆಯ ಒಂದು ಗುರುತು.) ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹರಿಹರದ ಹೆಮ್ಮೆಯಾಗಿದ್ದ ಆ ಕಾರ್ಖಾನೆ ಶತಮಾನದ ತಿರುವಿನಲ್ಲಿ ಮುಚ್ಚಿತು.

ಅದಕ್ಕಿಂತ ಮೊದಲೇ, 1970ರ ದಶಕದಲ್ಲಿ, ನದಿಯ ಆಚೆ ದಂಡೆಯ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂದಿತ್ತು. ಕಾರ್ಖಾನೆಯಿಂದ ನದಿಗೆ ಸೇರುವ ನೀರಿನ ವಿರುದ್ಧ ಕೆಳಗಿನ ಹಳ್ಳಿಗಳ ಜನ ಎದ್ದರು. 1984ರಿಂದ ಸಮಾಜ ಪರಿವರ್ತನ ಸಮುದಾಯ ಆ ಹೋರಾಟವನ್ನು ಸಂಘಟಿಸಿತು. ನೀಲಗಿರಿ ನೆಡುವುದಕ್ಕಾಗಿ ಹಳ್ಳಿಗಳ ಸಾಮುದಾಯಿಕ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಗೆ ಕೊಟ್ಟಾಗ ಶಿವರಾಮ ಕಾರಂತರಂಥವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಜಂಟಿ ಕಂಪನಿಯನ್ನೇ ಮುಚ್ಚಲಾಯಿತು. ‘ಕಿತ್ತಿಕೋ–ಹಚ್ಚಿಕೋ’ ಎಂಬ ಹೆಸರಿನಲ್ಲಿಯೇ ಎರಡು ಅಂಕಗಳ ನಾಟಕವೊಂದಿದೆ. ಆ ದಿನ ಕುಸನೂರಿನ ಹೊಲದಲ್ಲಿ ಸೇರಿದವರು ತಮ್ಮದೇ ಪಾತ್ರವನ್ನು ತಾವೇ ಆಡಿದ ಸಮುದಾಯ.

ಆದರೆ ಇಲ್ಲಿ ನಿಜವಾದ ತೊಡಕು ಬೇರೆಡೆ ಇದೆ. ನದಿಯ ಕೆಳಗಿನ ಮೀನುಗಾರ ಒಬ್ಬ ಪಾತ್ರಧಾರಿಯಾದರೆ, ಹರಿಹರದಿಂದ ಸೈಕಲ್ಲಿನ ಮೇಲೆ ಸೇತುವೆ ದಾಟಿ ಪಾಳಿಗೆ ಹೋಗುತ್ತಿದ್ದ ಕಾರ್ಮಿಕ ಇನ್ನೊಬ್ಬ. ಒಬ್ಬನ ಬಲೆ ಖಾಲಿಯಾದಾಗ ಇನ್ನೊಬ್ಬನ ಮನೆಯಲ್ಲಿ ಸಂಬಳದ ದಿನ. ಇಬ್ಬರೂ ಬಡವರು, ಬಹಳ ಸಲ ಒಂದೇ ಕುಲದವರು, ಒಂದೇ ಜಾತ್ರೆಗೆ ಹೋಗುವವರು. ಯಾವ ಪ್ರಬಂಧವೂ ಇವರಿಬ್ಬರನ್ನು ಒಂದೇ ಪುಟದಲ್ಲಿ ಎದುರುಬದುರು ಕೂರಿಸುವುದಿಲ್ಲ. ಪರಿಸರದ ಪ್ರಬಂಧ ಒಬ್ಬನನ್ನು ಹಿಡಿಯುತ್ತದೆ, ಕೈಗಾರಿಕೆಯ ಪ್ರಬಂಧ ಇನ್ನೊಬ್ಬನನ್ನು. ಎದುರುಬದುರು ಕೂರಿಸುವುದು ನಾಟಕದ ಮೂಲ ಧರ್ಮ.

ಹರಿಹರದ ಮತ್ತೊಂದು ಎಳೆಯನ್ನೂ ಇಲ್ಲಿ ನೆನೆಯಬೇಕು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 1938ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಅವರ ಸ್ಮಾರಕವಿರುವ ಮೈತ್ರಿವನ ಇರುವುದೂ ಇಲ್ಲಿಯೇ. ಅವರು ಕನ್ನಡ ಅಧ್ಯಾಪಕರಾಗಿದ್ದರು ಎಂಬುದು ಈ ಪತ್ರಿಕೆಯ ಓದುಗರಿಗೆ ಸಣ್ಣ ಸಂಗತಿಯಲ್ಲ. ಹಾಡು, ಬೀದಿನಾಟಕಗಳ ಮೂಲಕ ಕೇರಿಯಿಂದ ಕೇರಿಗೆ ಹಬ್ಬಿದ ಚಳವಳಿ ಅದು. ಅದೇ ಕಾಲಕ್ಕೆ, 1975ರಲ್ಲಿ ಆರಂಭವಾದ ‘ಸಮುದಾಯ’ 1979ರ ಜಾಥಾದೊಡನೆ ರಾಜ್ಯದ ಊರೂರು ತಿರುಗಿತು. ಈ ಎರಡೂ ಚಳವಳಿಗಳ ರಂಗ ಊರಿನ ಬೀದಿಗೆ ಬಂತು, ಆದರೆ ಊರಿನ ಕಥೆಯನ್ನು ತರಲಿಲ್ಲ. ಬಿಹಾರದ ಬೆಲ್ಚಿಯ ಕಗ್ಗೊಲೆ ಕರ್ನಾಟಕದ ಹಳ್ಳಿಗಳಲ್ಲಿ ಪ್ರದರ್ಶನ ಕಂಡಿತು. ಅದು ಆಗಬೇಕಾದದ್ದೇ ಆಗಿತ್ತು. ಆದರೆ ನೋಡುತ್ತ ನಿಂತವನ ಊರಿನ ಬೆಲ್ಚಿಯನ್ನು ಹೇಳುವವರು ಬರಲಿಲ್ಲ. ಬಂದು ಹೋಗುವ ತಂಡಕ್ಕೆ ಅದು ಸಾಧ್ಯವೂ ಇರಲಿಲ್ಲ. ಸಾಣೇಹಳ್ಳಿಯ ಶಿವಸಂಚಾರ, ಹೆಗ್ಗೋಡಿನ ನೀನಾಸಮ್ ತಿರುಗಾಟಗಳು ಈ ಭಾಗಕ್ಕೆ ಒಳ್ಳೆಯ ನಾಟಕಗಳನ್ನು ತಂದವು, ನೋಡುವ ಕಣ್ಣನ್ನು ಬೆಳೆಸಿದವು. ಅವೂ ತಿರುಗಾಟಗಳೇ. ಊರಿನ ಚರಿತ್ರೆ ಆಡಲು ಊರಿನಲ್ಲಿ ಉಳಿಯುವವರು ಬೇಕು.

ಹೊರಗಿನ ಎರಡು ಪ್ರಸಂಗಗಳನ್ನು ಇಲ್ಲಿ ಹೋಲಿಕೆಗೆ ತರಬಹುದು; ಎರಡೂ ವೇಲ್ಸ್ ಪ್ರಾಂತ್ಯದವು. 1909ರಲ್ಲಿ ಕಾರ್ಡಿಫ್ ನಗರದಲ್ಲಿ ವೇಲ್ಸಿನ ರಾಷ್ಟ್ರೀಯ ಚರಿತ್ರಾ ಪ್ರದರ್ಶನವೊಂದು ನಡೆಯಿತು. ಸಾವಿರಾರು ಜನ ವೇಷ ಹಾಕಿದರು. ಆದರೆ ಇಂಗ್ಲೆಂಡಿನ ಅರಸನ ವಿರುದ್ಧ ದಂಗೆಯೆದ್ದ ವೇಲ್ಸಿನ ವೀರ ಓವೈನ್ ಗ್ಲಿನ್‌ಡೂರನ ಪಾತ್ರಕ್ಕೆ ನಿಂತವರು ದೊಡ್ಡ ಜಮೀನ್ದಾರರಾದ ಲಾರ್ಡ್ ಟ್ರೆಡೀಗರ್. ಗಣಿ ಕಾರ್ಮಿಕರ ನಾಡಿನಲ್ಲಿ ಚರಿತ್ರೆಯ ನಾಯಕತ್ವ ಪಾತ್ರ ಹಂಚಿಕೆಯಲ್ಲಿಯೇ ಜಮೀನ್ದಾರನ ಪಾಲಾಯಿತು. ಇದಾದ ನೂರೆರಡು ವರ್ಷಗಳ ನಂತರ, 2011ರ ಈಸ್ಟರ್ ಹಬ್ಬದಂದು, ಉಕ್ಕಿನ ಊರಾದ ಪೋರ್ಟ್ ಟಾಲ್ಬಟ್‌ನಲ್ಲಿ ನ್ಯಾಷನಲ್ ಥಿಯೇಟರ್ ವೇಲ್ಸ್ ‘ದಿ ಪ್ಯಾಶನ್’ ನಾಟಕವನ್ನು ಆಡಿತು. ಆ ಊರಿನವರೇ ಆದ ನಟ ಮೈಕೆಲ್ ಶೀನ್ ಮುಖ್ಯ ಪಾತ್ರದಲ್ಲಿದ್ದರು. ಊರಿನ ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದರು. ಮೂರು ದಿನ ಊರಿನ ಬೀದಿ, ಸಮುದ್ರ ತೀರ, ವಾಣಿಜ್ಯ ಮಳಿಗೆಗಳೇ ರಂಗವಾದವು. ಹೆದ್ದಾರಿಗಾಗಿ ಕೆಡವಿದ ಮನೆಗಳ, ಮರೆತುಹೋದ ಬೀದಿಗಳ ನೆನಪು ಆ ನಾಟಕದ ಜೀವಾಳವಾಗಿತ್ತು. ಆ ಊರಿನ ಉಕ್ಕಿನ ಕಾರ್ಖಾನೆ ಆಗಲೇ ಭಾರತದ ಟಾಟಾ ಕಂಪನಿಯದು. ಅಲ್ಲಿಯ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್ 30ರಂದು ಆರಿತು. ಹಾಗೆ ಆರುವ ಮೊದಲು ಆ ಊರು ತನ್ನ ಕಥೆಯನ್ನು ತಾನೊಮ್ಮೆ ಆಡಿಕೊಂಡಿತ್ತು. ಹರಿಹರಕ್ಕೆ ಆ ಅವಕಾಶ ಸಿಗಲಿಲ್ಲ.

ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಪೋರ್ಟ್ ಟಾಲ್ಬಟ್‌ನ ಹಿಂದೆ ಅನುದಾನವಿತ್ತು, ಪ್ರಸಿದ್ಧ ನಟನಿದ್ದ. ಆ ಅನುದಾನ 2023ರಲ್ಲಿ ನಿಂತಾಗ ಸಂಸ್ಥೆಯೂ ಮರುವರ್ಷ ತನ್ನ ಆ ರೂಪದಲ್ಲಿ ಕೊನೆಗೊಂಡಿತು. ದಾವಣಗೆರೆಯ ಹಳ್ಳಿ ನಾಟಕ ಯಾವ ಅನುದಾನವೂ ಇಲ್ಲದೆ ತಲೆಮಾರುಗಳಿಂದ ನಡೆದಿದೆ. ಆ ದೃಷ್ಟಿಯಿಂದ ಇಲ್ಲಿಯ ನೆಲೆಯೇ ಗಟ್ಟಿ. 1909ರ ಕಾರ್ಡಿಫ್‌ನ ಪ್ರಶ್ನೆ ಮಾತ್ರ ಇಲ್ಲಿಗೆ ನೇರವಾಗಿ ಸಲ್ಲುತ್ತದೆ: ಊರಿನ ಕಥೆಯಲ್ಲಿ ಊರಿನ ನಾಯಕ ಯಾರಾಗುತ್ತಾರೆ? ಪಾತ್ರ ಹಂಚುವವರು ಯಾರು?

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡರೆ ಅಪಾಯವಿದೆ. ಇತ್ತೀಚಿನ ದಶಕಗಳಲ್ಲಿ ಸ್ಥಳೀಯ ಚರಿತ್ರೆಯ ಹೆಸರಿನಲ್ಲಿ ಬರುವ ರಂಗರೂಪಗಳು ಜಾತಿಗೊಬ್ಬ ವೀರನನ್ನು ಹುಡುಕಿ ನಿಲ್ಲಿಸುವ ಕಡೆಗೆ ವಾಲಿವೆ. ಪ್ರತಿಮೆ, ಜಯಂತಿ, ನಾಟಕ ಮೂರೂ ಒಂದೇ ಕರಪತ್ರದಲ್ಲಿ ಅಚ್ಚಾಗುತ್ತವೆ. ಇಂಥ ನಾಟಕದಲ್ಲಿ ಶತ್ರು ಯಾವಾಗಲೂ ಇನ್ನೊಂದು ಜಾತಿಯವನು ಅಥವಾ ಇನ್ನೊಂದು ಧರ್ಮದವನು. ಗಿರಣಿಯ ಕಥೆಯನ್ನು ಹೀಗೆ ಹೇಳಲು ಬರುವುದಿಲ್ಲ, ಏಕೆಂದರೆ ಗಿರಣಿಯ ಒಂದು ಪಾಳಿಯಲ್ಲಿ ಎಲ್ಲ ಜಾತಿಯವರೂ ಇದ್ದರು. ಹಾಗೆಂದು ಗಿರಣಿಯೊಳಗೆ ಜಾತಿ ಕರಗಿತ್ತು ಎಂದು ಬರೆದುಬಿಡುವುದೂ ಸುಳ್ಳಾಗುತ್ತದೆ. ಯಾವ ಖಾತೆಗೆ ಯಾರು, ನೀರಿನ ಗಡಿಗೆ ಯಾರದು ಎಂಬ ಪ್ರಶ್ನೆಗಳನ್ನು ಕೇಳಿಯೇ ತೀರಬೇಕು. ಸಮುದಾಯ ರಂಗಭೂಮಿ ಎಂದೊಡನೆ ಸಮುದಾಯ ಒಂದೇ ಎಂದು ಭಾವಿಸುವುದು ಸಂಶೋಧಕನ ಮೊದಲ ತಪ್ಪು.

ಶಿಸ್ತಿನ ಕಡೆಯಿಂದ ಬರುವ ಆಕ್ಷೇಪವೂ ಒಂದುಂಟು. ನಾಟಕ ಕಲ್ಪನೆ, ಚರಿತ್ರೆ ಆಧಾರ. ಇವೆರಡನ್ನು ಬೆರೆಸಿದರೆ ಸಂಶೋಧನೆಗೆ ಧಕ್ಕೆ ಎಂಬುದು. ಆಕ್ಷೇಪ ಸಮರ್ಥನೀಯ. ಮುದುಕರ ನೆನಪು ವರ್ಷಗಳನ್ನು ಬೆರೆಸುತ್ತದೆ. 1942ರ ಗೋಲಿಬಾರನ್ನೂ ಆಮೇಲಿನ ಮುಷ್ಕರವೊಂದನ್ನೂ ಒಂದೇ ಓಟದಲ್ಲಿ ಹೇಳಿಬಿಡುತ್ತದೆ. ಆದರೆ ಈ ಬೆರಕೆಯನ್ನು ತಿದ್ದಿ ಬಿಸಾಡಬೇಕೋ, ಬೆರಕೆ ಏಕೆ ಆಯಿತೆಂದು ಕೇಳಬೇಕೋ? ಎರಡು ಗುಂಡಿನ ಸದ್ದುಗಳು ಒಬ್ಬನ ಮನಸ್ಸಿನಲ್ಲಿ ಒಂದಾದರೆ ಅದೂ ಒಂದು ಆಧಾರವೇ. ಕೈಫಿಯತ್ತುಗಳನ್ನು ಸಂಶೋಧಕರು ಓದುವುದು ಹೀಗೆಯೇ. ಎರಡು ಶತಮಾನ ಹಿಂದಿನ ಶಾನುಭೋಗ ಹೇಳಿದ ಐತಿಹ್ಯಕ್ಕೆ ಸಿಗುವ ಮನ್ನಣೆ ಇಂದಿನ ನಿವೃತ್ತ ಟರ್ನರನ ಮಾತಿಗೆ ಏಕೆ ಸಿಗಬಾರದು ಎಂಬುದಕ್ಕೆ ವಿದ್ವತ್ತಿನಲ್ಲಿ ಉತ್ತರವಿಲ್ಲ. ಇನ್ನು ನಾಟಕಕ್ಕೆ ಇನ್ನೊಂದು ಅನುಕೂಲವಿದೆ: ಪ್ರಬಂಧದ ತಪ್ಪನ್ನು ಮೌಖಿಕ ಪರೀಕ್ಷೆಯಲ್ಲಿ ಇಬ್ಬರು ಹಿಡಿಯಬಹುದು, ಗಿರಣಿಯ ಬೀದಿಯಲ್ಲಿ ಗಿರಣಿಯ ನಾಟಕವಾಡಿದರೆ ತಪ್ಪನ್ನು ಹಿಡಿಯುವವರು ಇಡೀ ಚಾಪೆ ತುಂಬ ಇರುತ್ತಾರೆ.

ರೂಪದ ಪ್ರಶ್ನೆಗೂ ಹೊರಗೆ ಹುಡುಕಬೇಕಾಗಿಲ್ಲ. ಒಬ್ಬರ ಸಾಕ್ಷ್ಯವನ್ನು ಇನ್ನೊಬ್ಬರು ಅಲ್ಲಗಳೆಯುವಾಗ ಎರಡನ್ನೂ ಹಿಡಿದು ನಿಲ್ಲಬಲ್ಲ ವ್ಯವಸ್ಥೆ ಬಯಲಾಟದಲ್ಲಿದೆ. ಸಾರಥಿ ಕೇಳುತ್ತಾನೆ, ಪಾತ್ರ ಹೇಳುತ್ತದೆ, ಹಿಮ್ಮೇಳ ಮತ್ತೆ ಹೇಳುತ್ತದೆ. ಬಂದ ಪಾತ್ರಕ್ಕೆ ‘ನೀವು ಯಾರು, ಬಂದ ಕಾರಣವೇನು’ ಎಂದು ಕೇಳುವ ಸಾರಥಿಗಿಂತ ಒಳ್ಳೆಯ ಸಂದರ್ಶಕ ಯಾವ ಕ್ಷೇತ್ರಕಾರ್ಯದ ಕೈಪಿಡಿಯಲ್ಲಿದ್ದಾನೆ? ರಾಜನಿಗೆ ಕೇಳುತ್ತಿದ್ದ ಆ ಪ್ರಶ್ನೆಯನ್ನು ಜಾಬರನಿಗೆ, ಬದಲಿ ಕೂಲಿಗೆ, ಮಂಡಿಯ ದಲಾಲನಿಗೆ ಕೇಳಬೇಕು, ಅಷ್ಟೆ. ಹೆಣ್ಣಿನ ಪಾತ್ರದ ವಿಷಯ ಮಾತ್ರ ಇಷ್ಟು ಸುಲಭವಲ್ಲ. ಹಳ್ಳಿ ನಾಟಕದಲ್ಲಿ ಊರ ಹೆಂಗಸರು ಪಾತ್ರ ಹಾಕುವುದಿಲ್ಲ. ಹೊರಗಿನಿಂದ ಬಂದ ಕಲಾವಿದೆ ಎಲ್ಲ ಊರ ಹೆಂಗಸರ ಪರವಾಗಿಯೂ ಅಳುತ್ತಾಳೆ, ಬೆಳಗಿನ ಬಸ್ಸಿಗೆ ಹೋಗುತ್ತಾಳೆ. ಆಕೆಯ ಬದುಕಿಗೆ ಊರಿನ ಮರ್ಯಾದೆಯ ಲೆಕ್ಕದಲ್ಲಿ ಸ್ಥಾನವಿಲ್ಲ. ಊರಿನ ಚರಿತ್ರೆಯನ್ನು ಊರಿನವರೇ ಆಡಬೇಕೆಂದರೆ ಮೊದಲು ಈ ಕಟ್ಟು ಸಡಿಲವಾಗಬೇಕು. ಅಷ್ಟೇ ಅಲ್ಲ, ದಾವಣಗೆರೆಯಲ್ಲಿ ನೆಲೆಸಿ ನೂರಾರು ಹಳ್ಳಿಗಳ ರಂಗ ಕಂಡ ಈ ಕಲಾವಿದೆಯರ ನೆನಪೇ ಈ ಊರಿನ ಚರಿತ್ರೆಯ ಒಂದು ದೊಡ್ಡ ಆಕರ. ಅದನ್ನು ಯಾರೂ ಕ್ರಮವಾಗಿ ಬರೆದುಕೊಳ್ಳುವ ಗೋಜಿಗೆ ಹೋಗಿಲ್ಲ.

ದಾವಣಗೆರೆಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ. ವೃತ್ತಿ ರಂಗಾಯಣ ಊರಿನಲ್ಲಿದೆ, ಕಾಲೇಜುಗಳಿವೆ, ಪೇಟಿ ಮಾಸ್ತರರು ಇನ್ನೂ ಇದ್ದಾರೆ. ಇವನ್ನು ಜೋಡಿಸಲು ದೊಡ್ಡ ಯೋಜನೆಯ ಅಗತ್ಯವಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿ ಬರೆಯುವ ಕಿರುಪ್ರಬಂಧಕ್ಕೆ ಬದಲಾಗಿ, ತನ್ನ ಕೇರಿಯ ಐವರ ಮಾತನ್ನು ಅವರ ಮಾತಿನಲ್ಲಿಯೇ ಬರೆದು, ಅದನ್ನು ಅವರ ಎದುರಿಗೇ ಆಡಿ ತೋರಿಸಿ, ಅವರು ಎತ್ತಿದ ಆಕ್ಷೇಪಗಳನ್ನು ಸೇರಿಸಿ ಒಪ್ಪಿಸಿದರೆ ಅದನ್ನು ಸಂಶೋಧನೆಯೆಂದು ಒಪ್ಪಿಕೊಳ್ಳುವ ಮನಸ್ಸು ಅಧ್ಯಯನ ಮಂಡಳಿಗಳಿಗೆ ಬೇಕು. ಶಿಷ್ಟ ಕನ್ನಡಕ್ಕೆ ತಿದ್ದದೆ ಬರೆಯುವುದು ಮುಖ್ಯ. ‘ಪಾಳಿ’, ‘ಬದಲಿ’, ‘ಖಾತೆ’, ‘ಜಾಬರ್’ ಮುಂತಾದ ಮಾತುಗಳ ಅರ್ಥಚ್ಛಾಯೆಗಳು ನಿಘಂಟಿಗೆ ಬಂದಿರುವುದು ಬಹಳ ಕಡಿಮೆ; ಗಿರಣಿಯ ಜೊತೆಗೆ ಅವೂ ಹೋಗುತ್ತಿವೆ. ಪ್ರದರ್ಶನ ಆಡಿಟೋರಿಯಮ್ಮಿನಲ್ಲಿ ಆಗಬೇಕಾಗಿಲ್ಲ, ಆಗದಿದ್ದರೇ ಒಳ್ಳೆಯದು.

ಇದಕ್ಕೆ ಉಳಿದಿರುವ ಕಾಲ ಎಷ್ಟು ಎಂಬ ಲೆಕ್ಕ ಸರಳ. 1942ರ ಗೋಲಿಬಾರಿನ ದಿನ ಹತ್ತು ವರ್ಷದ ಹುಡುಗನಾಗಿದ್ದವನು ಇಂದು ತೊಂಬತ್ತು ದಾಟಿದವನು. ಇಪ್ಪತ್ತನೆಯ ವಯಸ್ಸಿನಲ್ಲಿ, 1965ರಲ್ಲಿ, ಹರಿಹರದ ಲೇತ್ ಕಾರ್ಖಾನೆಯ ಗೇಟಿನೊಳಗೆ ಕಾಲಿಟ್ಟವನಿಗೆ ಈಗ ಎಂಬತ್ತು. ಕುಸನೂರಿನಲ್ಲಿ ತಾಯಿಯ ಕೈ ಹಿಡಿದು ಸಸಿ ನೆಟ್ಟ ಮಗು ಮಾತ್ರ ಇನ್ನೂ ಐವತ್ತರ ಆಸುಪಾಸಿನಲ್ಲಿದೆ. ಜಾತ್ರೆಯ ನಾಟಕದಲ್ಲಿ ತಂದೆಯ ಪಾತ್ರಕ್ಕೆ ಒಪ್ಪುವ ವಯಸ್ಸು.